ಬಾಗಿಲು ಯಾರಿಗೆ ತೆರೆದಿತ್ತು? ಹ್ಯಾಕ್ನಿ ಡೌನ್ಸ್ ಶಾಲೆಯ ನೂರೈವತ್ತು ವರ್ಷ

ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ, ಡೌನ್ಸ್ ಪಾರ್ಕ್ ರಸ್ತೆಗೆ ತಾಗಿಕೊಂಡು ಮುಕ್ಕೋನದ ಒಂದು ಜಾಗವಿದೆ. ಎರಡು ಬದಿಗೆ ರೈಲು ಹಳಿ, ಮೂರನೆಯ ಬದಿಗೆ ಹ್ಯಾಕ್ನಿ ಡೌನ್ಸ್ ಎಂಬ ಹಸಿರು ಬಯಲು. 1995ರಲ್ಲಿ ಬ್ರಿಟನ್ನಿನ ಪತ್ರಿಕೆಗಳು ಇಲ್ಲಿದ್ದ ಸರ್ಕಾರಿ ಪ್ರೌಢಶಾಲೆಯನ್ನು 'ದೇಶದಲ್ಲೇ ಅತಿ ಕೆಟ್ಟ ಶಾಲೆ' ಎಂದು ಬರೆದವು. ಆ ವರ್ಷದ ಕೊನೆಗೆ ಸರ್ಕಾರ ಅದಕ್ಕೆ ಬೀಗ ಹಾಕಿಸಿತು. ಒಂಬತ್ತು ವರ್ಷ ಕಳೆದು ಅದೇ ಜಾಗದಲ್ಲಿ ಇನ್ನೊಂದು ಶಾಲೆ ಎದ್ದಿತು. 2009ರಲ್ಲಿ ಅದರ ಮೊದಲ ತಂಡ ಹದಿನಾರನೇ ವಯಸ್ಸಿನ ಪರೀಕ್ಷೆ ಬರೆದಾಗ ಅವೇ ಪತ್ರಿಕೆಗಳು ಅದನ್ನು ದೇಶದ ಅತ್ಯುತ್ತಮ ಶಾಲೆಗಳ ಸಾಲಿನಲ್ಲಿ ನಿಲ್ಲಿಸಿದವು.

ಇಂಗ್ಲೆಂಡಿನ ಶಿಕ್ಷಣದ ಚರ್ಚೆಯಲ್ಲಿ ಈ ಕಥೆ ಎಷ್ಟು ಸಲ ಬಂದುಹೋಗಿದೆಯೋ ಲೆಕ್ಕವಿಲ್ಲ. ಅದೇ ಬೀದಿ, ಅದೇ ಬಡ ಮಕ್ಕಳು, ಬದಲಾದದ್ದು ಹೆಡ್‌ಮಾಸ್ಟರೂ ಶಿಸ್ತೂ ಮಾತ್ರ ಎಂದು ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದಿಲ್ಲ. ಆ ಮಾತಿನಲ್ಲಿ ನಿಜ ಇದೆ, ಆದರೆ ಅರ್ಧ. ಉಳಿದರ್ಧವನ್ನು ನೋಡಬೇಕಾದರೆ ಶಾಲೆಯ ಚರಿತ್ರೆಯನ್ನು 1876ರಿಂದ ಹಿಡಿಯಬೇಕು. ಅದನ್ನು ಈಗ ನೋಡುವುದಕ್ಕೆ ಕಾರಣವೂ ಇದೆ: ಇಂಗ್ಲೆಂಡ್ ತನ್ನ ಶಾಲೆಗಳಿಗೆ ಒಂದೇ ಪದದಲ್ಲಿ ಹಣೆಪಟ್ಟಿ ಹಚ್ಚುವ ಪದ್ಧತಿಯನ್ನು ಇತ್ತೀಚೆಗಷ್ಟೇ ಕೈಬಿಟ್ಟಿದೆ.

ಆ ಪದ್ಧತಿಯ ಬಗ್ಗೆ ಮೊದಲು ಎರಡು ಮಾತು. 1992ರ ಕಾನೂನಿನಿಂದ ಹುಟ್ಟಿದ ಆಫ್‌ಸ್ಟೆಡ್ ಎಂಬ ಸಂಸ್ಥೆ ಇಂಗ್ಲೆಂಡಿನ ಶಾಲೆಗಳ ತಪಾಸಣೆ ಮಾಡುತ್ತದೆ. ತಪಾಸಣೆ ಮುಗಿದ ಮೇಲೆ ಇಡೀ ಶಾಲೆಗೆ ಸೇರಿಸಿ ಒಂದು ತೀರ್ಪು: ಅತ್ಯುತ್ತಮ, ಉತ್ತಮ, ಸುಧಾರಣೆ ಬೇಕು, ಅಸಮರ್ಪಕ. ಈ ನಾಲ್ಕರಲ್ಲಿ ಒಂದು. ರೆಡಿಂಗ್ ನಗರದ ಕ್ಯಾವರ್‌ಶಮ್ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ರೂತ್ ಪೆರ‍್ರಿ ಅವರ ಶಾಲೆ 2022ರ ನವೆಂಬರ್ ತಪಾಸಣೆಯಲ್ಲಿ 'ಅತ್ಯುತ್ತಮ'ದಿಂದ ನೇರವಾಗಿ 'ಅಸಮರ್ಪಕ'ಕ್ಕೆ ಇಳಿಯಿತು. 2023ರ ಜನವರಿಯಲ್ಲಿ ಅವರು ಜೀವ ಕಳೆದುಕೊಂಡರು. ಅವರ ಸಾವಿಗೆ ಆ ತಪಾಸಣೆಯೂ ಒಂದು ಕಾರಣವೆಂದು ಮರಣ ವಿಚಾರಣಾಧಿಕಾರಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೇಳಿದರು. 2024ರ ಸೆಪ್ಟೆಂಬರ್‌ನಲ್ಲಿ ಹೊಸ ಸರ್ಕಾರ ಒಂದು ಪದದ ತೀರ್ಪನ್ನು ರದ್ದು ಮಾಡಿತು. 2025ರ ನವೆಂಬರ್‌ನಿಂದ ಅದರ ಜಾಗಕ್ಕೆ ವರದಿ ಕಾರ್ಡ್ ಬಂದಿದೆ. ಕಲಿಕೆ, ಹಾಜರಾತಿ ಮತ್ತು ನಡವಳಿಕೆ, ಎಲ್ಲ ಮಕ್ಕಳನ್ನೂ ಒಳಗೊಳ್ಳುವಿಕೆ, ಆಡಳಿತ ಎಂದು ಬೇರೆಬೇರೆ ತಲೆಬರಹದಡಿ ಬೇರೆಬೇರೆ ದರ್ಜೆ. ಎಲ್ಲ ಕೂಡಿಸಿ ಒಂದೇ ಮಾತು ಎಂಬುದು ಈಗಿಲ್ಲ.

ಹಣೆಪಟ್ಟಿ ಹೋಯಿತು, ಸರಿ. ಆದರೆ ಹಣೆಪಟ್ಟಿ ಬರುವುದಕ್ಕೂ ಮೊದಲು ಶಾಲೆಯೊಂದು ಕುಸಿಯುತ್ತಾ ಬರುವುದು ಹೇಗೆ? ಹ್ಯಾಕ್ನಿ ಡೌನ್ಸ್ ಅದನ್ನು ತೋರಿಸುವಷ್ಟು ಸ್ಪಷ್ಟವಾಗಿ ಇನ್ನೊಂದು ಶಾಲೆ ತೋರಿಸಲಾರದು.

ಮೆಣಸಿನ ವ್ಯಾಪಾರಿಗಳ ಶಾಲೆ

ಶಾಲೆಯನ್ನು ಕಟ್ಟಿಸಿದ್ದು ಲಂಡನ್ನಿನ ಗ್ರೋಸರ್ಸ್ ಕಂಪನಿ. ಹೆಸರು ಕೇಳಿ ಕಿರಾಣಿ ಅಂಗಡಿ ಎಂದುಕೊಳ್ಳಬಾರದು. ಮಧ್ಯಯುಗದ ವರ್ತಕರ ಸಂಘ ಅದು, ಕರಿಮೆಣಸಿನ ವ್ಯಾಪಾರಿಗಳ ಹಳೆಯ ಕೂಟದಿಂದ ಬೆಳೆದದ್ದು. ಆ ಕಾಲಕ್ಕೆ ಯೂರೋಪಿಗೆ ಮುಟ್ಟುತ್ತಿದ್ದ ಮೆಣಸು ಬೆಳೆಯುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಮಗ್ಗುಲಲ್ಲಿ, ಮಲಬಾರು ಮತ್ತು ಕೆನರಾ ಕರಾವಳಿಯ ಹಿಂದಿನ ತೋಟಗಳಲ್ಲಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ನೆನಪಿರುವವರಿಗೆ ಈ ನಂಟು ಹೊಸದಲ್ಲ. ಗ್ರೋಸರ್ಸ್ ಕಂಪನಿಯ ಲಾಂಛನದಲ್ಲಿ ಲವಂಗದ ಮೊಗ್ಗುಗಳಿವೆ, ಮೇಲೆ ಒಂಟೆಯೊಂದು ನಿಂತಿದೆ. ಈ ಶಾಲೆಯಲ್ಲಿ ಓದಿದವರು ಮುಂದೆ ಕಟ್ಟಿಕೊಂಡ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ 'ಕ್ಲೋವ್ ಕ್ಲಬ್' ಎಂದೇ ಹೆಸರಿಟ್ಟರು. ಲವಂಗದ ಕೂಟ.

1876ರಲ್ಲಿ ಶಾಲೆ ತೆರೆಯಿತು. ಅದು ಹುಡುಗರ ಶಾಲೆ, ಫೀಸು ಕೊಡಬಲ್ಲವರ ಶಾಲೆ. ಆಗ ಹ್ಯಾಕ್ನಿ ಈಗಿನ ಹಾಗೆ ಕಿಕ್ಕಿರಿದಿರಲಿಲ್ಲ. ಗುಮಾಸ್ತರು, ಅಂಗಡಿ ಮಾಲೀಕರು, ಚಿಕ್ಕ ವರ್ತಕರು ರೈಲು ಹಿಡಿದು ನಗರದ ಒಳಗೆ ಕೆಲಸಕ್ಕೆ ಹೋಗಿಬರುತ್ತಿದ್ದ ಹೊರವಲಯ ಅದು. ಅವರ ಮಕ್ಕಳಿಗೆ ಬ್ಯಾಂಕು, ಕಚೇರಿ, ವ್ಯಾಪಾರಕ್ಕೆ ಬೇಕಾದ ವಿದ್ಯೆ ಕೊಡುವುದು ಉದ್ದೇಶ. ಕೂಲಿಯವರ ಮಕ್ಕಳು ಲೆಕ್ಕದಲ್ಲೇ ಇರಲಿಲ್ಲ. ಶಾಲೆಗೆ ಬಂದ ಮೊದಲ ಒಳ್ಳೆಯ ಹೆಸರಿನ ಹಿಂದೆ ಈ ಬಾಗಿಲಿತ್ತು ಎಂಬುದನ್ನು ಗಮನಿಸಿಟ್ಟುಕೊಳ್ಳೋಣ.

ಇಪ್ಪತ್ತನೇ ಶತಮಾನ ಕಾಲಿಡುವ ಹೊತ್ತಿಗೆ ಹ್ಯಾಕ್ನಿ ಬದಲಾಗಿತ್ತು. ಅನುಕೂಲಸ್ಥರು ಇನ್ನೂ ಆಚೆಗೆ ಸರಿದರು, ಅವರು ಬಿಟ್ಟುಹೋದ ದೊಡ್ಡ ಮನೆಗಳಲ್ಲಿ ಎರಡು ಮೂರು ಸಂಸಾರಗಳು ಬಾಡಿಗೆಗೆ ಬಂದವು. ಶಾಲೆಯನ್ನು ತಾನೇ ನಡೆಸಿಕೊಂಡು ಹೋಗುವ ಆಸೆಯನ್ನು ಬಿಟ್ಟ ಕಂಪನಿ ಅದನ್ನು 1906ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್‌ಗೆ ಒಪ್ಪಿಸಿತು. ಹೀಗೆ ಅದು ಸಾರ್ವಜನಿಕ ಶಾಲೆಯಾಯಿತು, ಹ್ಯಾಕ್ನಿ ಡೌನ್ಸ್ ಎಂಬ ಹೆಸರು ಪಡೆಯಿತು. ಸರ್ಕಾರದ ನೆರವು ಬೇಕೆನ್ನುವ ಪ್ರೌಢಶಾಲೆಗಳು ನಾಲ್ಕರಲ್ಲಿ ಒಂದು ಸೀಟನ್ನು ಬಡ ಮಕ್ಕಳಿಗೆ ಬಿಟ್ಟಿಯಾಗಿ ಕೊಡಬೇಕೆಂಬ ನಿಯಮ 1907ರಲ್ಲಿ ಬಂತು. ಬಾಗಿಲು ಸ್ವಲ್ಪ ಅಗಲವಾಯಿತು.

ಆ ಅಗಲವಾದ ಬಾಗಿಲಿನಿಂದ ಒಳಗೆ ಬಂದವರು ಹೆಚ್ಚಾಗಿ ಯಹೂದಿ ಹುಡುಗರು. ರಷ್ಯಾದ ಸಾಮ್ರಾಜ್ಯದಲ್ಲಿ ನಡೆದ ಹಿಂಸೆಗೆ ಹೆದರಿ ಬಂದು ಈಸ್ಟ್ ಎಂಡ್‌ನಲ್ಲಿ ನೆಲೆಸಿದ್ದ ದರ್ಜಿಗಳು, ಬಡಗಿಗಳು, ಸಣ್ಣ ವ್ಯಾಪಾರಿಗಳು ಒಂದು ತಲೆಮಾರು ಕಳೆಯುವಷ್ಟರಲ್ಲಿ ಉತ್ತರಕ್ಕೆ ಸರಿದು ಹ್ಯಾಕ್ನಿಗೆ ಬಂದಿದ್ದರು. ಓದಿನ ಮೇಲೆ ಪ್ರಾಣ ಇಟ್ಟುಕೊಂಡ ಮನೆಗಳು ಅವು. 1940ರ ದಶಕದ ಹೊತ್ತಿಗೆ ಶಾಲೆಯ ಹೆಚ್ಚುಕಡಿಮೆ ಅರ್ಧದಷ್ಟು ಹುಡುಗರು ಯಹೂದಿಗಳಾಗಿದ್ದರು. ಚಿತ್ರಕಾರ ಲಿಯಾನ್ ಕೊಸಾಫ್, ನಟ ಮತ್ತು ನಾಟಕಕಾರ ಸ್ಟೀವನ್ ಬರ್ಕಾಫ್ ಇಲ್ಲಿ ಓದಿದವರು. 1944ರಲ್ಲಿ ಸೇರಿದ ಒಬ್ಬ ದರ್ಜಿಯ ಮಗ ಜೋಸೆಫ್ ಬ್ರಿಯರ್ಲಿ ಎಂಬ ಇಂಗ್ಲಿಷ್ ಮೇಷ್ಟ್ರ ಕಣ್ಣಿಗೆ ಬಿದ್ದ. ಬ್ರಿಯರ್ಲಿ ಶಾಲೆಯ ನಾಟಕಗಳಲ್ಲಿ 1947ರಲ್ಲಿ ಅವನಿಂದ ಮ್ಯಾಕ್‌ಬೆತ್ ಮಾಡಿಸಿದರು, ಮರುವರ್ಷ ರೋಮಿಯೋ. 2005ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಹ್ಯಾರಲ್ಡ್ ಪಿಂಟರ್ ಆ ಹುಡುಗ. ಮೇಷ್ಟ್ರು ತೀರಿಕೊಂಡಾಗ ಪಿಂಟರ್ ಅವರ ಮೇಲೊಂದು ಪದ್ಯ ಬರೆದರು. ಒಬ್ಬ ಮೇಷ್ಟ್ರಿಂದ ಒಂದು ಮಗುವಿನ ಬದುಕಿನಲ್ಲಿ ಏನಾಗಬಹುದು ಎಂಬುದಕ್ಕೆ ನಾನು ಮತ್ತೆ ಮತ್ತೆ ನೆನೆಯುವ ಉದಾಹರಣೆ ಇದು.

ಆದರೆ ಈ ಹೊಳಪಿನ ಕಾಲದಲ್ಲೂ ಬಾಗಿಲಲ್ಲಿ ಒಂದು ಜರಡಿಯಿತ್ತು. 1944ರ ಶಿಕ್ಷಣ ಕಾನೂನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಫೀಸನ್ನು ತೆಗೆದುಹಾಕಿತು, ಮಕ್ಕಳನ್ನು ಹನ್ನೊಂದನೇ ವಯಸ್ಸಿನಲ್ಲಿ ಒಂದು ಪರೀಕ್ಷೆಯಿಂದ ಬೇರ್ಪಡಿಸುವ ಪದ್ಧತಿಯನ್ನೂ ಗಟ್ಟಿ ಮಾಡಿತು. ಪಾಸಾದವರಿಗೆ ಗ್ರಾಮರ್ ಸ್ಕೂಲ್, ಉಳಿದ ಬಹುಪಾಲು ಮಕ್ಕಳಿಗೆ ಸೆಕೆಂಡರಿ ಮಾಡರ್ನ್ ಎಂಬ ಸಾಧಾರಣ ಶಾಲೆ. ಹ್ಯಾಕ್ನಿ ಡೌನ್ಸ್ ಗ್ರಾಮರ್ ಸ್ಕೂಲ್ ಆಗಿತ್ತು. ಪಿಂಟರ್ ಓದಿದ ತರಗತಿಯಲ್ಲಿ ಹ್ಯಾಕ್ನಿಯ ಎಲ್ಲ ಹುಡುಗರೂ ಕೂತಿರಲಿಲ್ಲ. ಆರಿಸಿ ತಂದವರು ಕೂತಿದ್ದರು.

ಜರಡಿ ತೆಗೆದ ಮೇಲೆ

1963ರಲ್ಲಿ ಬೆಂಕಿ ಬಿದ್ದು ಹಳೆಯ ಕಟ್ಟಡ ಹಾಳಾಯಿತು. ಎರಡು ವರ್ಷಕ್ಕೆ ಲೇಬರ್ ಸರ್ಕಾರದ ಶಿಕ್ಷಣ ಮಂತ್ರಿ ಆಂತನಿ ಕ್ರಾಸ್‌ಲ್ಯಾಂಡ್ ಅವರ ಸುತ್ತೋಲೆ ಬಂತು: ಹನ್ನೊಂದನೇ ವಯಸ್ಸಿನ ಪರೀಕ್ಷೆಯನ್ನು ಬಿಡಿ, ಎಲ್ಲ ಮಕ್ಕಳೂ ಒಂದೇ ಶಾಲೆಗೆ ಬರುವಂತೆ ಮಾಡಿ ಎಂದು. ಅಂಥ ಶಾಲೆಗೆ ಅಲ್ಲಿ ಕಾಂಪ್ರೆಹೆನ್ಸಿವ್ ಎನ್ನುತ್ತಾರೆ. ಹ್ಯಾಕ್ನಿ ಡೌನ್ಸ್ 1969ರಲ್ಲಿ ಕಾಂಪ್ರೆಹೆನ್ಸಿವ್ ಆಯಿತು.

ಆದ ಕೂಡಲೇ ಶಾಲೆ ಕೆಟ್ಟುಹೋಯಿತು ಎಂದು ಕೆಲವರು ಹೇಳುತ್ತಾರೆ. ಅದು ತಪ್ಪು. 1970ರ ದಶಕದಲ್ಲಿ ಶಾಲೆಗೆ ಒಳ್ಳೆಯ ಹೆಸರೇ ಇತ್ತು. ಕಾರಣಗಳಲ್ಲೊಂದು ಆಗಿನ ಇನ್ನರ್ ಲಂಡನ್ ಶಿಕ್ಷಣ ಪ್ರಾಧಿಕಾರ. ನಗರದ ಒಳಭಾಗದ ಎಲ್ಲ ಸರ್ಕಾರಿ ಶಾಲೆಗಳನ್ನೂ ಒಟ್ಟಾಗಿ ನೋಡಿಕೊಳ್ಳುತ್ತಿದ್ದ ಈ ಪ್ರಾಧಿಕಾರ ಪ್ರಾಥಮಿಕ ಶಾಲೆ ಮುಗಿಸುವ ಮಕ್ಕಳನ್ನು ಕಲಿಕೆಯ ಮಟ್ಟ ನೋಡಿ ಮೂರು ಬ್ಯಾಂಡುಗಳಾಗಿ ವಿಂಗಡಿಸುತ್ತಿತ್ತು. ಮೇಲಿನ ಕಾಲು ಭಾಗ, ನಡುವಿನ ಅರ್ಧ, ಕೆಳಗಿನ ಕಾಲು ಭಾಗ. ಪ್ರತಿ ಪ್ರೌಢಶಾಲೆಗೂ ಮೂರರಿಂದಲೂ ಮಕ್ಕಳು ಹೋಗಬೇಕು ಎಂಬುದು ಆಶಯ. ಒಂದೇ ಶಾಲೆ ಚುರುಕು ಮಕ್ಕಳನ್ನೆಲ್ಲ ಬಾಚಿಕೊಳ್ಳಬಾರದು, ಇನ್ನೊಂದೇ ಶಾಲೆಗೆ ಕಷ್ಟದ ಮಕ್ಕಳೆಲ್ಲ ಬಂದು ಬೀಳಬಾರದು.

ಈ ಪದ್ಧತಿಗೆ ಒಂದು ಮಿತಿ ಇತ್ತು. ಜನಕ್ಕೆ ಬೇಕಾದ ಶಾಲೆಯ ಮೇಲೆ ಅದು ಲಗಾಮು ಹಾಕಬಲ್ಲದು, ಜನಕ್ಕೆ ಬೇಡವಾದ ಶಾಲೆಗೆ ಮಕ್ಕಳನ್ನು ಎಳೆದು ತರಲಾರದು. ಹ್ಯಾಕ್ನಿ ಡೌನ್ಸ್ ಹುಡುಗರ ಶಾಲೆಯಾಗಿಯೇ ಉಳಿದಿತ್ತು. ಸುತ್ತಮುತ್ತ ಹುಡುಗಿಯರಿಗೆಂದೇ ಹಲವು ಶಾಲೆಗಳಿದ್ದವು, ತಂದೆತಾಯಿ ಅವನ್ನು ಹುಡುಕಿಕೊಂಡು ಹೋಗುತ್ತಿದ್ದರು. ಬರೀ ಹುಡುಗರ ಶಾಲೆಯ ಬಗ್ಗೆ ಆ ಉತ್ಸಾಹ ಇರಲಿಲ್ಲ. ಇತ್ತ ಹ್ಯಾಕ್ನಿಯ ಜನ ಮತ್ತೆ ಬದಲಾಗಿದ್ದರು. ಕೆರಿಬಿಯನ್ ದ್ವೀಪಗಳವರು, ಪಶ್ಚಿಮ ಆಫ್ರಿಕದವರು, ಬಂಗಾಳಿಗಳು, ತುರ್ಕರು, 1980ರ ದಶಕದ ಕೊನೆಗೆ ಕುರ್ದಿ ನಿರಾಶ್ರಿತರು. ಬಟ್ಟೆ ಹೊಲಿಯುವ, ಪೀಠೋಪಕರಣ ಮಾಡುವ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದ್ದವು. ಸಂಬಳದ ವಿಷಯಕ್ಕೆ ಶಿಕ್ಷಕರಿಗೂ ಸರ್ಕಾರಕ್ಕೂ ಜಗಳ ಹತ್ತಿ 1980ರ ದಶಕದ ನಡುವಿನ ಎರಡು ವರ್ಷ ದೇಶದಾದ್ಯಂತ ಶಾಲೆಗಳು ನಲುಗಿದ್ದವು.

ಇಂಥ ಹೊತ್ತಿನಲ್ಲಿ 1988ರ ಶಿಕ್ಷಣ ಸುಧಾರಣಾ ಕಾನೂನು ಬಂತು. ರಾಷ್ಟ್ರೀಯ ಪಠ್ಯಕ್ರಮ ತಂದದ್ದು ಈ ಕಾನೂನು ಎಂದು ಎಲ್ಲರಿಗೂ ನೆನಪಿದೆ. ಅದು ತಂದ ಇನ್ನೆರಡು ಬದಲಾವಣೆಗಳು ಸದ್ದಿಲ್ಲದೆ ಹೆಚ್ಚು ಕೆಲಸ ಮಾಡಿದವು. ತಂದೆತಾಯಿ ತಮಗೆ ಬೇಕಾದ ಶಾಲೆ ಕೇಳಬಹುದು, ಕಟ್ಟಡದಲ್ಲಿ ಜಾಗ ಇರುವವರೆಗೂ ಶಾಲೆ ಇಲ್ಲ ಎನ್ನುವಂತಿಲ್ಲ. ಶಾಲೆಗೆ ಬರುವ ಹಣದ ಬಹುಪಾಲು ಮಕ್ಕಳ ತಲೆ ಎಣಿಸಿ ಬರುತ್ತದೆ. ಇದೇ ಕಾನೂನು ಇನ್ನರ್ ಲಂಡನ್ ಪ್ರಾಧಿಕಾರವನ್ನೂ ರದ್ದು ಮಾಡಿತು. 1990ರ ಏಪ್ರಿಲ್‌ನಿಂದ ಹ್ಯಾಕ್ನಿಯ ಶಾಲೆಗಳೆಲ್ಲ ಹ್ಯಾಕ್ನಿ ಕೌನ್ಸಿಲ್ಲಿನ ತಲೆಗೆ ಬಂದವು. ದೇಶದ ಅತಿ ಬಡ ಪ್ರದೇಶಗಳಲ್ಲೊಂದರ ಆಡಳಿತ, ಶಾಲೆ ನಡೆಸಿ ಗೊತ್ತಿಲ್ಲದ ಆಡಳಿತ, ರಾಜಕೀಯವಾಗಿ ಒಡೆದು ಹೋಳಾಗಿದ್ದ ಆಡಳಿತ.

ಇನ್ನು ಯಂತ್ರ ತಿರುಗುವ ಬಗೆ ನೋಡಿ. ಒಂದು ಶಾಲೆಯ ಬಗ್ಗೆ ಕೆಟ್ಟ ಮಾತು ಹುಟ್ಟುತ್ತದೆ. ಓಡಾಡುವ ಅನುಕೂಲ, ಅರ್ಜಿ ಬರೆಯುವ ತಿಳಿವಳಿಕೆ ಇರುವ ತಂದೆತಾಯಿ ಮಕ್ಕಳನ್ನು ಬೇರೆ ಕಡೆ ಸೇರಿಸುತ್ತಾರೆ. ಮರುವರ್ಷ ಮೂವತ್ತು ಕುರ್ಚಿ ಖಾಲಿ. ಮೂವತ್ತು ಮಕ್ಕಳ ಹಣ ಕಡಿತ, ಒಬ್ಬಿಬ್ಬರು ಶಿಕ್ಷಕರಿಗೆ ಜಾಗವಿಲ್ಲ. ಕಟ್ಟಡ ಅಷ್ಟೇ ದೊಡ್ಡದು, ಅದರ ಬೆಳಕು, ಬಿಸಿ, ರಿಪೇರಿಯ ಖರ್ಚು ಒಂದು ಕಾಸೂ ಇಳಿಯುವುದಿಲ್ಲ. ಇದಿಷ್ಟೇ ಆದರೆ ತಡೆದುಕೊಳ್ಳಬಹುದು. ತಡೆಯಲಾಗದ ಹೊಡೆತ ಆ ಖಾಲಿ ಕುರ್ಚಿಗಳಿಂದಲೇ ಬರುತ್ತದೆ. ಊರಿಗೆ ವರ್ಷದ ನಡುವೆ ಬಂದಿಳಿದ ನಿರಾಶ್ರಿತರ ಮಗು, ಇನ್ನೊಂದು ಶಾಲೆ ಹೊರಗೆ ಹಾಕಿದ ಹುಡುಗ, ಮನೆ ಬಿಟ್ಟು ಮನೆಗೆ ಅಲೆಯುತ್ತಿರುವ ಸಂಸಾರದ ಮಕ್ಕಳು ಎಲ್ಲಿಗೆ ಹೋಗಬೇಕು? ತುಂಬಿದ ಶಾಲೆ ಜಾಗವಿಲ್ಲ ಎನ್ನುತ್ತದೆ. ಖಾಲಿ ಇರುವ ಶಾಲೆಗೆ ಹಾಗೆನ್ನುವ ಹಕ್ಕಿಲ್ಲ. ಅತಿ ಹೆಚ್ಚು ಆರೈಕೆ ಬೇಕಾದ ಮಕ್ಕಳು ಅತಿ ಕಡಿಮೆ ಹಣ, ಅತಿ ಕಡಿಮೆ ಶಿಕ್ಷಕರು ಇರುವ ಕಡೆಗೇ ಬಂದು ಸೇರುತ್ತಾರೆ. ತರಗತಿ ಗಲಾಟೆಯಾಗುತ್ತದೆ, ಕೆಟ್ಟ ಮಾತು ಇನ್ನಷ್ಟು ಹಬ್ಬುತ್ತದೆ, ಮರುವರ್ಷ ಮತ್ತೆ ಮೂವತ್ತು ಕುರ್ಚಿ. ಇದರಲ್ಲಿ ಯಾರೊಬ್ಬರೂ ದುರುದ್ದೇಶದಿಂದ ನಡೆದುಕೊಂಡಿಲ್ಲ. ಪ್ರತಿಯೊಬ್ಬ ತಾಯಿಯೂ ತನ್ನ ಮಗುವಿನ ಒಳಿತನ್ನೇ ನೋಡಿದ್ದಾಳೆ. ಶಾಲೆ ಮಾತ್ರ ಕುಸಿದಿದೆ.

ಹ್ಯಾಕ್ನಿ ಡೌನ್ಸ್‌ನಲ್ಲಿ ಇದಕ್ಕೆ ಆಡಳಿತದ ಅಸ್ಥಿರತೆಯೂ ಸೇರಿತು. 1990ರಿಂದ ಐದು ವರ್ಷಗಳಲ್ಲಿ ಮುಖ್ಯ ಶಿಕ್ಷಕರ ಕುರ್ಚಿಯಲ್ಲಿ ಒಬ್ಬರಾದ ಮೇಲೊಬ್ಬರು ಬಂದು ಹೋದರು, ಹೆಚ್ಚಿನವರು ಪ್ರಭಾರಿಗಳು. ಹುಡುಗಿಯರನ್ನೂ ಸೇರಿಸಿಕೊಂಡು ಮಿಶ್ರ ಶಾಲೆ ಮಾಡುವ ಯೋಜನೆ ಎದ್ದಿತು, ಬಿತ್ತು. ಆ ಮಾತು ಗಾಳಿಯಲ್ಲಿ ತೂಗುತ್ತಿದ್ದಷ್ಟು ಕಾಲ ಹೊಸ ಮಕ್ಕಳನ್ನು ಯಾರು ಸೇರಿಸುತ್ತಾರೆ? ಶಾಲೆಯೊಳಗೆ ಶಿಕ್ಷಕರ ನಡುವೆಯೂ ಬಣಗಳಿದ್ದವು, ಪಾಠ ಹಲವೆಡೆ ಕಳಪೆಯಾಗಿತ್ತು. ಇದನ್ನು ಮುಚ್ಚಿಟ್ಟರೆ ಅಲ್ಲಿ ಓದಿದ ಹುಡುಗರಿಗೆ ಮೋಸ ಮಾಡಿದ ಹಾಗೆ. ಎಲ್ಲ ತಪ್ಪೂ ಹೊರಗಿನದು ಎಂದು ನಾನು ಹೇಳುತ್ತಿಲ್ಲ. ಒಳಗಿನ ತಪ್ಪನ್ನು ತಿದ್ದಲು ಬೇಕಾದ ಕಸುವನ್ನೇ ಹೊರಗಿನ ವ್ಯವಸ್ಥೆ ವರ್ಷ ವರ್ಷ ಹೀರುತ್ತಿತ್ತು ಎನ್ನುವುದು ನನ್ನ ಮಾತು.

1995

ಆಫ್‌ಸ್ಟೆಡ್ ತಂಡ 1994ರಲ್ಲಿ ಬಂತು. ವರದಿ ಕಟುವಾಗಿತ್ತು. ಅದರ ಹಿಂದಿನ ವರ್ಷವಷ್ಟೇ ಬಂದಿದ್ದ ಕಾನೂನಿನ ಪ್ರಕಾರ ಶಾಲೆಯನ್ನು 'ವಿಶೇಷ ಕ್ರಮ' ಬೇಕಾದ ಶಾಲೆಗಳ ಪಟ್ಟಿಗೆ ಸೇರಿಸಲಾಯಿತು. ಹ್ಯಾಕ್ನಿ ಕೌನ್ಸಿಲ್ ಮೊದಲು ಶಾಲೆ ಮುಚ್ಚುತ್ತೇವೆ ಎಂದಿತು. 1995ರ ಜೂನ್‌ನಲ್ಲಿ ಕೌನ್ಸಿಲ್ ಸದಸ್ಯರು ಮನಸ್ಸು ಬದಲಿಸಿ ಉಳಿಸಿಕೊಳ್ಳುತ್ತೇವೆ ಎಂದರು. ಅಷ್ಟರಲ್ಲಿ ಪ್ರಭಾರಿ ಮುಖ್ಯ ಶಿಕ್ಷಕಿ ಬೆಟ್ಟಿ ಹೇಲ್ಸ್ ಅವರ ಕೈಕೆಳಗೆ ಶಾಲೆ ನಿಧಾನವಾಗಿ ಹದಕ್ಕೆ ಬರುತ್ತಿದೆ ಎಂದು ಶಿಕ್ಷಕರೂ ತಂದೆತಾಯಿಯೂ ನಂಬಿದ್ದರು.

ಕನ್ಸರ್ವೇಟಿವ್ ಸರ್ಕಾರದ ಶಿಕ್ಷಣ ಮಂತ್ರಿ ಜಿಲಿಯನ್ ಶೆಪರ್ಡ್ ಒಪ್ಪಲಿಲ್ಲ. 1993ರ ಕಾನೂನು ಮಂತ್ರಿಗೆ ಒಂದು ಅಧಿಕಾರ ಕೊಟ್ಟಿತ್ತು: ಸೋತ ಶಾಲೆಯನ್ನು ಕೌನ್ಸಿಲ್ ಕೈಯಿಂದ ಕಿತ್ತು ತಾನೇ ನೇಮಿಸಿದ 'ಎಜುಕೇಷನ್ ಅಸೋಸಿಯೇಷನ್' ಎಂಬ ಮಂಡಳಿಗೆ ಕೊಡಬಹುದು. ಜುಲೈನಲ್ಲಿ ರಿಚರ್ಡ್ ಪೇಂಟರ್ ಅಧ್ಯಕ್ಷತೆಯಲ್ಲಿ ಅಂಥ ಮಂಡಳಿ ರಚನೆಯಾಯಿತು. ಇಂಗ್ಲೆಂಡಿನಲ್ಲಿ ಅದೇ ಮೊದಲು, ಅದೇ ಕೊನೆ. ಮಂಡಳಿಯಲ್ಲಿದ್ದ ಮೈಕಲ್ ಬಾರ್ಬರ್ ಅದಕ್ಕೂ ಕೆಲವು ವರ್ಷ ಹಿಂದೆ ಹ್ಯಾಕ್ನಿ ಕೌನ್ಸಿಲ್ಲಿನ ಶಿಕ್ಷಣ ಸಮಿತಿಯ ಅಧ್ಯಕ್ಷರಾಗಿದ್ದವರು, ಮುಂದೆ ಟೋನಿ ಬ್ಲೇರ್ ಸರ್ಕಾರದ ಶಾಲಾ ಸುಧಾರಣೆಯ ಮುಖ್ಯ ಸಲಹೆಗಾರರಾದರು. ಹ್ಯಾಕ್ನಿ ಡೌನ್ಸ್‌ನಲ್ಲಿ ಕಂಡದ್ದು ಮುಂದಿನ ಸರ್ಕಾರದ ನೀತಿಯೊಳಗೆ ಹೊಕ್ಕ ದಾರಿಗಳಲ್ಲಿ ಇದೂ ಒಂದು.

ಮಂಡಳಿ ಶಿಫಾರಸು ಮಾಡಿತು: ಮುಚ್ಚಿ, ಡಿಸೆಂಬರ್ ಕೊನೆಗೇ ಮುಚ್ಚಿ. ತಂದೆತಾಯಿ ನ್ಯಾಯಾಲಯಕ್ಕೆ ಹೋದರು, ಮೇಲ್ಮನವಿಯಲ್ಲೂ ಸೋತರು. ಆಗ ಶಾಲೆಯಲ್ಲಿ ಉಳಿದಿದ್ದವರು ಸುಮಾರು 200 ಹುಡುಗರು. ಒಬ್ಬೊಬ್ಬ ಹುಡುಗನ ಮೇಲೆ ಆಗುತ್ತಿರುವ ಖರ್ಚು ವಿಪರೀತ ಎಂಬುದು ಮುಚ್ಚುವುದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ದೊಡ್ಡ ಕಟ್ಟಡದಲ್ಲಿ ಕೆಲವೇ ಮಕ್ಕಳಿದ್ದರೆ ಲೆಕ್ಕ ಹಾಗೆ ಬಾರದೆ ಇನ್ನು ಹೇಗೆ ಬಂದೀತು? ಖಾಲಿ ಕುರ್ಚಿಗಳೇ ಶಾಲೆಯನ್ನು ಸೊರಗಿಸಿದ್ದವು, ಕೊನೆಗೆ ಅದನ್ನು ಮುಚ್ಚಲು ಸಾಕ್ಷಿಯಾಗಿ ಬಂದು ನಿಂತದ್ದೂ ಅವೇ ಖಾಲಿ ಕುರ್ಚಿಗಳು.

ಹುಡುಗರ ಕಥೆ ಏನಾಯಿತು ಎಂಬುದನ್ನು ಹೆಚ್ಚಿನವರು ಕೇಳುವುದಿಲ್ಲ. ಶೈಕ್ಷಣಿಕ ವರ್ಷದ ನಟ್ಟನಡುವೆ, 1996ರ ಜನವರಿಯಲ್ಲಿ, ಅವರನ್ನು ಹತ್ತಿರದ ಹೋಮರ್ಟನ್ ಹೌಸ್ ಎಂಬ ಇನ್ನೊಂದು ಹುಡುಗರ ಶಾಲೆಗೆ ಕಳಿಸಿದರು. ಆ ಬೇಸಿಗೆಯಲ್ಲೇ ಪಬ್ಲಿಕ್ ಪರೀಕ್ಷೆ ಬರೆಯಬೇಕಾದವರೂ ಅವರಲ್ಲಿದ್ದರು. ಹೋಮರ್ಟನ್ ಹೌಸ್ ಹೆಸರು ಬದಲಿಸಿಕೊಂಡು ಸ್ವಲ್ಪ ಕಾಲ ನಡೆಯಿತು, 2007ರಲ್ಲಿ ಅದೂ ಮುಚ್ಚಿತು. ಆ ಜಾಗದಲ್ಲಿ ಈಗ ಇರುವುದು ಬೇರೊಂದು ಅಕಾಡೆಮಿ.

ಅದೇ ನೆಲ, ಬೇರೆ ಬಾಗಿಲು

2000ದಲ್ಲಿ ಲೇಬರ್ ಸರ್ಕಾರದ ಶಿಕ್ಷಣ ಮಂತ್ರಿ ಡೇವಿಡ್ ಬ್ಲಂಕೆಟ್ ಅಕಾಡೆಮಿ ಎಂಬ ಹೊಸ ಬಗೆಯ ಶಾಲೆಯನ್ನು ಘೋಷಿಸಿದರು. ಹಣ ಸರ್ಕಾರದ್ದೇ, ಫೀಸಿಲ್ಲ. ಆದರೆ ಕೌನ್ಸಿಲ್ಲಿನ ಹಿಡಿತದಿಂದ ಹೊರಗೆ. ಒಬ್ಬ ದಾನಿ ಒಂದಿಷ್ಟು ಹಣ ತೊಡಗಿಸಿ ಆಡಳಿತ ಮಂಡಳಿಯನ್ನು ಕಟ್ಟುತ್ತಾನೆ, ಶಾಲೆ ನೇರವಾಗಿ ಕೇಂದ್ರ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ನಮ್ಮ ಕಡೆಯ ಅನುದಾನಿತ ಶಾಲೆ ನೆನಪಾಗಬಹುದು, ಹೋಲಿಕೆ ತೀರ ದೂರದ್ದಲ್ಲ. ಹ್ಯಾಕ್ನಿ ಡೌನ್ಸ್‌ನ ಖಾಲಿ ಜಾಗಕ್ಕೆ ದಾನಿಯಾಗಿ ಬಂದವರು ಉದ್ಯಮಿ ಕ್ಲೈವ್ ಬೋರ್ನ್. ತಂದೆ ಮಾಸ್ ಬೋರ್ನ್ ಹೆಸರನ್ನು ಶಾಲೆಗಿಟ್ಟರು: ಮಾಸ್‌ಬೋರ್ನ್ ಕಮ್ಯುನಿಟಿ ಅಕಾಡೆಮಿ. ಕಟ್ಟಡದ ವಿನ್ಯಾಸ ರಿಚರ್ಡ್ ರಾಜರ್ಸ್ ಅವರ ಕಚೇರಿಯದು. ಮರದ ಚೌಕಟ್ಟಿನ ಎರಡು ತೋಳು, ರೈಲು ಹಳಿಗೆ ಬೆನ್ನು ಕೊಟ್ಟು ಬಯಲಿನತ್ತ ತೆರೆದುಕೊಂಡಿದೆ. ಮುಖ್ಯ ಶಿಕ್ಷಕರಾಗಿ ಬಂದವರು ಪಕ್ಕದ ನ್ಯೂಹ್ಯಾಮ್‌ನಲ್ಲಿ ಒಂದು ಕ್ಯಾಥೊಲಿಕ್ ಹುಡುಗರ ಶಾಲೆಯನ್ನು ಮೇಲೆತ್ತಿ ಹೆಸರು ಮಾಡಿದ್ದ ಮೈಕಲ್ ವಿಲ್ಷಾ.

ವಿಲ್ಷಾ ಅವರ ಶಿಸ್ತು ದಂತಕಥೆಯಾಗಿದೆ. ಕೋಟು, ಟೈ, ಪಾಲಿಷ್ ಮಾಡಿದ ಬೂಟು. ತರಗತಿ ಶುರುವಾಗುವಾಗ ಮಕ್ಕಳೆಲ್ಲ ಎದ್ದು ನಿಂತು ಗಮನವಿಟ್ಟು ಕಲಿಯುತ್ತೇವೆ ಎಂಬ ಸಂಕಲ್ಪವನ್ನು ಒಟ್ಟಾಗಿ ಹೇಳುತ್ತಿದ್ದರು. ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಸಂಜೆಯೂ ಶನಿವಾರವೂ ಶಾಲೆ ತೆರೆದಿರುತ್ತಿತ್ತು. ಬಡವರ ಮಕ್ಕಳಿಂದ ಕಡಿಮೆ ನಿರೀಕ್ಷಿಸುವುದನ್ನು ಅವರು ಸಹಿಸುತ್ತಿರಲಿಲ್ಲ. 2009ರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಕ್ಕಳು ಇಂಗ್ಲಿಷ್, ಗಣಿತ ಸೇರಿದಂತೆ ಐದು ವಿಷಯಗಳಲ್ಲಿ ಒಳ್ಳೆಯ ದರ್ಜೆ ಪಡೆದರು. ದೇಶದ ಸರಾಸರಿ ಆಗ ಸುಮಾರು ಐವತ್ತು. ಶಾಲೆಯ ಮಕ್ಕಳಲ್ಲಿ ನೂರಕ್ಕೆ ಸುಮಾರು 40 ಮಂದಿ ಉಚಿತ ಊಟಕ್ಕೆ ಅರ್ಹರಾದ ಬಡ ಮನೆಯವರು. ಇದು ಸಣ್ಣ ಸಾಧನೆಯಲ್ಲ. ಆ ಮಕ್ಕಳ ಬದುಕು ಬದಲಾಯಿತು. ವಿಲ್ಷಾ 2012ರ ಜನವರಿಯಲ್ಲಿ ಆಫ್‌ಸ್ಟೆಡ್‌ನ ಮುಖ್ಯಸ್ಥರಾದರು.

ಈಗ ಬಾಗಿಲಿಗೆ ಬರೋಣ. ಮಾಸ್‌ಬೋರ್ನ್ 2004ರ ಸೆಪ್ಟೆಂಬರ್‌ನಲ್ಲಿ ಒಂದೇ ತರಗತಿಯೊಂದಿಗೆ ಶುರುವಾಯಿತು, ಹನ್ನೊಂದು ವರ್ಷದ ಸುಮಾರು ಇನ್ನೂರು ಮಕ್ಕಳು. ಮರುವರ್ಷ ಇನ್ನೊಂದು ತಂಡ. ತಲೆಗೆ ಹತ್ತಿದ ಕೆಟ್ಟ ಚಾಳಿಗಳಿರುವ ದೊಡ್ಡ ಹುಡುಗರು ಒಬ್ಬರೂ ಇಲ್ಲದ ಶಾಲೆಯಲ್ಲಿ ಶಿಸ್ತು ಬೇರೂರಿಸಲು ಐದು ವರ್ಷ ಸಮಯ ಸಿಕ್ಕಿತು. ಬರುವ ಮಕ್ಕಳೆಲ್ಲ ಒಂದು ಪರೀಕ್ಷೆ ಬರೆಯುತ್ತಿದ್ದರು. ಯಾರನ್ನೂ ಫೇಲು ಮಾಡಲು ಅಲ್ಲ, ನಾಲ್ಕು ಬ್ಯಾಂಡುಗಳಾಗಿ ವಿಂಗಡಿಸಿ ನಾಲ್ಕರಿಂದಲೂ ಸಮನಾಗಿ ಸೇರಿಸಿಕೊಳ್ಳಲು. ಹಳೆಯ ಲಂಡನ್ ಪ್ರಾಧಿಕಾರ ನಗರಕ್ಕೆಲ್ಲ ಮಾಡಬೇಕೆಂದುಕೊಂಡದ್ದನ್ನು ಈ ಶಾಲೆ ತನ್ನೊಳಗೇ ಮಾಡಿಕೊಂಡಿತು. ಅದಕ್ಕೆ ಸಾಧ್ಯವಾದದ್ದು ಏಕೆಂದರೆ ಅರ್ಜಿಗಳು ಸೀಟಿಗಿಂತ ಎಷ್ಟೋ ಹೆಚ್ಚು ಬರುತ್ತಿದ್ದವು, ಮೇಲಿನ ಬ್ಯಾಂಡೂ ತುಂಬುತ್ತಿತ್ತು. ಕುರ್ಚಿ ಖಾಲಿ ಇರಲಿಲ್ಲ. ವರ್ಷದ ನಡುವೆ ಬಂದು ಬಾಗಿಲು ತಟ್ಟುವ ಮಗುವಿಗೆ ಜಾಗ ಇಲ್ಲ ಎನ್ನಬಹುದಿತ್ತು, ನ್ಯಾಯವಾಗಿಯೇ.

ಸುತ್ತಲಿನ ಊರೂ ಮೊದಲಿನಂತಿರಲಿಲ್ಲ. 2002ರಲ್ಲಿ ಹ್ಯಾಕ್ನಿಯ ಶಿಕ್ಷಣ ಇಲಾಖೆಯನ್ನೇ ಸರ್ಕಾರ ಕೌನ್ಸಿಲ್ಲಿನಿಂದ ತೆಗೆದು ಲರ್ನಿಂಗ್ ಟ್ರಸ್ಟ್ ಎಂಬ ಲಾಭರಹಿತ ಸಂಸ್ಥೆಗೆ ಹತ್ತು ವರ್ಷಕ್ಕೆ ವಹಿಸಿತ್ತು. 2003ರಿಂದ ಲಂಡನ್ ಚಾಲೆಂಜ್ ಹೆಸರಿನ ಕಾರ್ಯಕ್ರಮ ನಗರದ ಶಾಲೆಗಳಿಗೆ ಹಣ, ಅನುಭವಿ ಮುಖ್ಯ ಶಿಕ್ಷಕರ ಮಾರ್ಗದರ್ಶನ ಎರಡನ್ನೂ ತಂದಿತು. ಆ ದಶಕದಲ್ಲಿ ಲಂಡನ್ನಿನ ಅಕಾಡೆಮಿಯಲ್ಲದ ಸರ್ಕಾರಿ ಶಾಲೆಗಳೂ ಮೇಲೇರಿದವು. ಇದನ್ನೆಲ್ಲ ಬದಿಗಿಟ್ಟು, ಶಿಸ್ತಿನ ಹೆಡ್‌ಮಾಸ್ಟರ್ ಒಬ್ಬರು ಬಂದರು, ಎಲ್ಲ ಸರಿಹೋಯಿತು ಎಂದು ಹೇಳಿದರೆ 1995ರ ಹುಡುಗರೂ ಶಿಕ್ಷಕರೂ ಮೈಗಳ್ಳರು ಎಂದ ಹಾಗಾಗುತ್ತದೆ. 1876ರಲ್ಲಿ ಫೀಸು, 1944ರಲ್ಲಿ ಪರೀಕ್ಷೆ, 2004ರಲ್ಲಿ ತುಂಬಿದ ಬ್ಯಾಂಡುಗಳು. ಈ ನೆಲದಲ್ಲಿ ಶಾಲೆ ಹೊಳೆದ ಮೂರೂ ಕಾಲದಲ್ಲಿ ಬಾಗಿಲಲ್ಲಿ ಒಂದು ಏರ್ಪಾಡಿತ್ತು. ಮೂರನೆಯದು ಮೊದಲೆರಡಕ್ಕಿಂತ ಎಷ್ಟೋ ನ್ಯಾಯವಾದದ್ದು ಎಂದು ನಾನು ಒಪ್ಪುತ್ತೇನೆ. ಬಡವರನ್ನು ಅದು ಹೊರಗಿಡಲಿಲ್ಲ. ಬಾಗಿಲಲ್ಲಿ ಯಾವ ಏರ್ಪಾಡೂ ಉಳಿಯದ ಕಾಲದಲ್ಲಿ ಮಾತ್ರ ಶಾಲೆ ಮುಳುಗಿತು.

ಅಕಾಡೆಮಿ ಮಾದರಿ ಈಗ ಇಡೀ ದೇಶದ್ದು. 2010ರ ಅಕಾಡೆಮಿ ಕಾನೂನಿನ ನಂತರ ಇಂಗ್ಲೆಂಡಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಐದರಲ್ಲಿ ನಾಲ್ಕು ಅಕಾಡೆಮಿಗಳಾಗಿವೆ. ಕಟ್ಟುನಿಟ್ಟಿನ ಶಿಸ್ತಿನ ಬಗ್ಗೆ ಪ್ರಶ್ನೆಗಳೂ ಎದ್ದಿವೆ. ಮಾಸ್‌ಬೋರ್ನ್ ಶಾಲೆಯನ್ನು ನಡೆಸುವ ಟ್ರಸ್ಟು 2014ರಲ್ಲಿ ತೆರೆದ ವಿಕ್ಟೋರಿಯಾ ಪಾರ್ಕ್ ಶಾಲೆಯಲ್ಲಿ ಮಕ್ಕಳನ್ನು ಗದರಿಸುವ, ಅವಮಾನಿಸುವ ರೀತಿ ಅತಿಯಾಗಿದೆ ಎಂದು 2024ರ ಕೊನೆಗೆ ಹಲವು ತಂದೆತಾಯಿ ದೂರಿದರು. ಟ್ರಸ್ಟ್ ಅದನ್ನು ಒಪ್ಪಲಿಲ್ಲ, ಮಕ್ಕಳ ಸುರಕ್ಷೆಯ ಸ್ಥಳೀಯ ಮಂಡಳಿ ಸ್ವತಂತ್ರ ಪರಿಶೀಲನೆಗೆ ಮುಂದಾಯಿತು. ಒಂದೇ ಪದದ 'ಅತ್ಯುತ್ತಮ' ಎಷ್ಟನ್ನು ಹೇಳುತ್ತದೆ, ಎಷ್ಟನ್ನು ಹೇಳುವುದಿಲ್ಲ ಎಂಬ ಪ್ರಶ್ನೆ ಅಲ್ಲೂ ಇದೆ.

ಮತ್ತೆ ಖಾಲಿ ಕುರ್ಚಿ

ನನಗೆ ಹೆಚ್ಚು ಕಳವಳ ತರುವುದು ಇನ್ನೊಂದು ವಿಷಯ. ಲಂಡನ್ನಿನಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಹುಟ್ಟುವವರು ಕಡಿಮೆ, ಮನೆ ಬಾಡಿಗೆ ತಾಳಲಾರದೆ ಚಿಕ್ಕ ಮಕ್ಕಳ ಸಂಸಾರಗಳು ಊರು ಬಿಡುತ್ತಿವೆ, ಬ್ರೆಕ್ಸಿಟ್ ಆದ ಮೇಲೆ ಯೂರೋಪಿನ ಕುಟುಂಬಗಳು ಹಿಂದಿರುಗಿವೆ. 2024ರಲ್ಲಿ ಹ್ಯಾಕ್ನಿ ಕೌನ್ಸಿಲ್ ಡಿ ಬೊವಾರ್, ರ‍್ಯಾಂಡಲ್ ಕ್ರೀಮರ್ ಎಂಬ ಎರಡು ಪ್ರಾಥಮಿಕ ಶಾಲೆಗಳನ್ನು ಮುಚ್ಚಿತು, ಇನ್ನು ನಾಲ್ಕನ್ನು ಸೇರಿಸಿ ಎರಡು ಮಾಡಿತು. ಥೇಮ್ಸ್ ನದಿಯ ದಕ್ಷಿಣಕ್ಕೆ ಲ್ಯಾಂಬೆತ್‌ನಲ್ಲಿ ಪ್ರೌಢಶಾಲೆಗಳಿಗೂ ಇದು ತಟ್ಟಿದೆ. 1685ರಲ್ಲಿ ಹುಟ್ಟಿದ ಆರ್ಚ್‌ಬಿಷಪ್ ಟೆನಿಸನ್ ಶಾಲೆ 2023ರಲ್ಲಿ, 1699ರಷ್ಟು ಹಳೆಯ ಸೇಂಟ್ ಮಾರ್ಟಿನ್ ಇನ್ ದಿ ಫೀಲ್ಡ್ಸ್ ಹೆಣ್ಣುಮಕ್ಕಳ ಶಾಲೆ 2024ರಲ್ಲಿ ಮುಚ್ಚಿದವು. ತಲೆ ಎಣಿಸಿ ಹಣ ಕೊಡುವ 1988ರ ಸೂತ್ರ ಇಂದಿಗೂ ಹಾಗೆಯೇ ಇದೆ. ಕುರ್ಚಿ ಖಾಲಿಯಾಗಲು ಶುರುವಾದ ಶಾಲೆಯಲ್ಲಿ ಹಳೆಯ ಯಂತ್ರ ಮತ್ತೆ ತಿರುಗುತ್ತದೆ.

ಇದರಲ್ಲಿ ಅಲ್ಲಿನ ಕನ್ನಡಿಗರ ಮನೆಗಳೂ ಸೇರಿವೆ. ಸಾಫ್ಟ್‌ವೇರ್ ಕೆಲಸಕ್ಕೋ ಆಸ್ಪತ್ರೆಯ ಕೆಲಸಕ್ಕೋ ಹೋಗಿ ಮನೆ ಹುಡುಕುವವರು ಬಾಡಿಗೆಯ ಜೊತೆಯಲ್ಲೇ ಶಾಲೆಯನ್ನೂ ನೋಡುತ್ತಾರೆ. ಮನೆ ತೋರಿಸುವ ಜಾಲತಾಣಗಳೂ ಹತ್ತಿರದ ಶಾಲೆಗಳ ಆಫ್‌ಸ್ಟೆಡ್ ದರ್ಜೆಯನ್ನು ಪಕ್ಕದಲ್ಲೇ ತೋರಿಸುತ್ತಾ ಬಂದಿವೆ. ಒಳ್ಳೆಯ ಹೆಸರಿನ ಶಾಲೆಗೆ ಹತ್ತಿರವಿರುವ ಬೀದಿಯಲ್ಲಿ ಮನೆ ತುಟ್ಟಿ, ಕೊಳ್ಳಬಲ್ಲವರು ಅಲ್ಲಿಗೆ ಹೋಗುತ್ತಾರೆ. ಮಗುವಿನ ಭವಿಷ್ಯ ಅಂದಾಗ ಯಾರಾದರೂ ಇನ್ನೇನು ಮಾಡಿಯಾರು? ಅವರನ್ನು ದೂರುವುದು ನನ್ನಿಂದಾಗದು. ವರದಿ ಕಾರ್ಡ್ ಬಂದ ಮೇಲೆ ಓದುವುದಕ್ಕೆ ಸ್ವಲ್ಪ ಹೆಚ್ಚಿದೆ, ಒಂದು ಶಾಲೆ ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಕುಂದು ಎಂದು ತಿಳಿಯುತ್ತದೆ. ಅದು ಒಳ್ಳೆಯದೇ. ಕುರ್ಚಿಗಳನ್ನು ಯಾವ ಶಾಲೆಗೆ ಎಷ್ಟು ಹಂಚಬೇಕು ಎಂಬುದನ್ನು ಮಾತ್ರ ಅದು ಬದಲಿಸುವುದಿಲ್ಲ.

ಬದಲಿಸಬಹುದಾದ ಸಂಗತಿ ಇರುವುದು 2024ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಕ್ಕಳ ಕ್ಷೇಮ ಮತ್ತು ಶಾಲೆಗಳ ಮಸೂದೆಯಲ್ಲಿ. ಅಕಾಡೆಮಿಗಳು ಅರ್ಹ ಶಿಕ್ಷಕರನ್ನೇ ನೇಮಿಸಬೇಕು, ರಾಷ್ಟ್ರೀಯ ಪಠ್ಯಕ್ರಮವನ್ನೇ ಕಲಿಸಬೇಕು ಎಂಬ ಅದರ ಅಂಶಗಳ ಮೇಲೆ ದೊಡ್ಡ ಗದ್ದಲ ನಡೆಯಿತು. ಗದ್ದಲದಲ್ಲಿ ಕೇಳಿಸದೆ ಹೋದ ಇನ್ನೊಂದು ಅಂಶವಿದೆ. ಯಾವ ಶಾಲೆ ವರ್ಷಕ್ಕೆ ಎಷ್ಟು ಮಕ್ಕಳನ್ನು ಸೇರಿಸಿಕೊಳ್ಳಬೇಕು, ಎಲ್ಲೂ ಜಾಗ ಸಿಗದ ಮಗುವನ್ನು ಯಾವ ಶಾಲೆ ತೆಗೆದುಕೊಳ್ಳಲೇಬೇಕು ಎಂಬುದರಲ್ಲಿ ಅಕಾಡೆಮಿಗಳ ಮೇಲೂ ಕೌನ್ಸಿಲ್‌ಗಳ ಮಾತು ನಡೆಯುವಂತೆ ಮಾಡುವ ಅಂಶ ಅದು. ಜನಪ್ರಿಯ ಶಾಲೆ ತನ್ನ ಸೀಟುಗಳನ್ನು ಹಿಗ್ಗಿಸುತ್ತಾ ಹೋಗಿ ಪಕ್ಕದ ಶಾಲೆಯನ್ನು ಬರಿದು ಮಾಡುವುದನ್ನು ತಡೆಯಲು, ವರ್ಷದ ನಡುವೆ ಬಂದ ಹುಡುಗನನ್ನು ತುಂಬಿದ ಶಾಲೆಯೂ ಒಳಗೆ ಕರೆಯುವಂತೆ ಮಾಡಲು ಇಂಥ ಅಧಿಕಾರ ಬೇಕು. 2024ರಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಗಳ ಚಿಕ್ಕ ಮಕ್ಕಳು ಈ ದಶಕ ಮುಗಿಯುವ ಹೊತ್ತಿಗೆ ಹನ್ನೊಂದು ವರ್ಷದವರಾಗಿ ಹ್ಯಾಕ್ನಿಯ ಪ್ರೌಢಶಾಲೆಗಳ ಬಾಗಿಲಿಗೆ ಬರುತ್ತಾರೆ. ಅಷ್ಟರಲ್ಲಿ ಯಾವ ಶಾಲೆಯ ಕುರ್ಚಿಗಳು ಮೊದಲು ಖಾಲಿಯಾಗಿರುತ್ತವೋ, ಎಲ್ಲೂ ಜಾಗ ಸಿಗದ ಹುಡುಗನನ್ನು ಕಳಿಸುವುದು ಅಲ್ಲಿಗೇ.